ಅಣ್ಣನ ಸಾಣೆಪಟ್ಟಾ

ಅಂದು ಬೆಳಿಗ್ಗೆ ಅಣ್ಣ ಎಂದಿನಂತೆ ರೊಟ್ಟಿ ತಿಂದು, ವಡಗಾವಿಯ ನಮ್ಮ ಮನೆಯ ಮುಂಗೋಣೆಯಲ್ಲಿದ್ದ ಕಾರ್ಖಾನೆಗೆ ಹೋದ. ನಾನು ಶಾಲೆಗೆ ಹೋದೆ. ಮಧ್ಯಾಹ್ನ ಊಟಕ್ಕೆ ಕರೆಯಲು ಹೋದ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಅವನ ಉಸಿರು ನಿಂತದ್ದು ಕಂಡಿತು.

ಕಾಲಿನಿಂದ ತುಳಿಯುವ ಯಂತ್ರ. ಅದರ ಮೇಲೆ ಸುತ್ತುವ, ಕುರುಂದದ ಕಲ್ಲಿನ ಒರಟು ಪುಡಿ ಅಂಟಿಸಿದ ಬಟ್ಟೆಯ ಪಟ್ಟಾ. ಅದಕ್ಕೆ ಹಿಡಿದು ಅಣ್ಣ ನೇಕಾರರು ಮಗ್ಗದಲ್ಲಿ ನೂಲು ಹಾಯಿಸುವ ಮರದ ಲಾಳಿಗಳನ್ನು ನಯ ಮಾಡುತ್ತಿದ್ದ. ಕೆಲಸವನ್ನು ತಾವೇ ಮುಂದುವರಿಸಬೇಕೆಂದು ವೈನಿಯ ಹಟ. ನೇಕಾರರು ಒಪ್ಪದಿದ್ದರೆ ಯಂತ್ರ ಮಾರಬೇಕಿತ್ತು. ಆ ದಿನಗಳಲ್ಲಿ ಸಮಾಧಾನ ಹೇಳಲು ಬಂದವರೆಲ್ಲ ಅಣ್ಣನ ಒಂದೊಂದು ಮಾತು ನೆನೆದು ನಮ್ಮನ್ನು ನಗಿಸಿಯೇ ಹೋಗುತ್ತಿದ್ದರು.

ಅಂಗಡಿಯ ಮೇಜು

ಪಟ್ಟಾ ಎಷ್ಟು ಒರಟು ಎಂಬುದನ್ನು ಅಣ್ಣ ಯಾರ ಮಾತಿನ ಮೇಲೂ ನಂಬುತ್ತಿರಲಿಲ್ಲ. ಒಮ್ಮೆ ಪೇಟೆಯ ಅಂಗಡಿಗೆ ಮುಂಬಯಿಯಿಂದ ವಿಲಾಯತಿ ಪಟ್ಟಾ ಬಂದಿತ್ತು.

“ಉಜ್ಜಿ ನೋಡ್ಲೇನ್ರೀ?” ಎಂದ ಅಣ್ಣ.

“ನೋಡ್ರಿ, ನೋಡ್ರಿ,” ಎಂದು ಅಂಗಡಿಯವರು ಬೇರೆ ಗಿರಾಕಿಯ ಕಡೆ ತಿರುಗಿದರು. ಅಣ್ಣ ಅವರ ಸಾಗವಾನಿ ಮೇಜನ್ನೇ ಉಜ್ಜಿದ.

“ಅಯ್ಯಯ್ಯ, ನಮ್ಮಪ್ಪನ ಕಾಲದ ಮೇಜ್ರೀ ಅದು!”

ಅಣ್ಣ ಪುಡಿ ಊದಿ ಹೇಳಿದ: “ಇದು ಭಾಳ ಒರಟ ಐತ್ರಿ. ಇನ್ನೂ ನಯ ಇದ್ದದ್ದು ಕೊಡ್ರಿ, ಈ ಗೀರು ತೆಗದು ಕೊಡ್ತೀನಿ.”

ಖಾನಾಪುರದ ಕಂಬಳಿ

ಥಂಡಿ, ತೇವ ತಾಗಿದರೆ ಅಂಟು ಸಡಿಲಾಗಿ ಪಟ್ಟಾದ ಪುಡಿ ಉದುರುತ್ತದೆ. ಮಡಚಿದರೆ ಸೀಳಿಹೋಗುತ್ತದೆ. ಒಂದು ಮಳೆಗಾಲದಲ್ಲಿ ಒಲೆ ಆರಿಸಿ, ನಮ್ಮ ಮನೆಗೆ ಬೀಗ ಹಾಕಿ ಎಲ್ಲರೂ ಖಾನಾಪುರಕ್ಕೆ, ವೈನಿಯ ತವರಿಗೆ ಹೋದಾಗ ಅಣ್ಣ ಹೊಸ ಪಟ್ಟಾವನ್ನೂ ಕರೆತಂದ. ಅಲ್ಲಿ ಒಣಗಿದ ಜಾಗವೆಂದರೆ ಅಡುಗೆಮನೆ ಒಂದೇ. ಪಟ್ಟಾದ ಅಂಟು, ಚರ್ಮ ಕುದಿಸಿ ಮಾಡಿದ್ದು. ಆ ಕಟ್ಟುನಿಟ್ಟಿನ ಜೈನರ ಅಡುಗೆಮನೆಗೆ ಅದು ಹೋಗುವಂತಿಲ್ಲ.

ಬೆಳಿಗ್ಗೆ ಅಣ್ಣ ಧೋತರ ಹೊದ್ದು ಗಡಗಡ ನಡುಗುತ್ತಿದ್ದ. ಅವನ ಅತ್ತೆ ಗಾಬರಿಯಾದರು: “ಅಳಿಯಂದ್ರ, ಕಂಬಳಿ ಕೊಟ್ಟಿದ್ವಿ ಖರೇ, ಎಲ್ಲಿ ಹೋತ್ರಿ?”

ಮೂಲೆಯಲ್ಲಿ ದುಂಡಗೆ ಸುತ್ತಿಟ್ಟ ಕಂಬಳಿಯನ್ನು ತೋರಿಸಿ ಅಣ್ಣ ಪಿಸುಗುಟ್ಟಿದ: “ಸಣ್ಣಗೆ ಮಾತಾಡ್ರಿ. ಈಗ ಬೆಚ್ಚಗ ಮಲಗೇತಿ.”

ಮೀಸೆಯ ಪರೀಕ್ಷೆ

ಅಣ್ಣ ಹೋದ ಮೇಲೆ ವೈನಿ ನಯ ಮಾಡಿದ ಮೊದಲ ಲಾಳಿಯನ್ನು ನೋಡಲು ಓಣಿಯ ಹಿರಿಯ ನೇಕಾರರು ಬಂದರು. ಅವರು ಹೂಂ ಎಂದರೆ ಓಣಿಯೇ ಹೂಂ ಎಂದಂತೆ. ಲಾಳಿಯನ್ನು ಮೀಸೆಯ ಮೇಲೆ ಎಳೆದು ನೋಡುವುದು ಅವರ ಪದ್ಧತಿ. ಕೂದಲು ಸಿಕ್ಕಿಕೊಂಡರೆ ನೂಲೂ ಸಿಕ್ಕಿಕೊಳ್ಳುತ್ತದೆ.

ಎಳೆದರು. ಒಂದು ಕೂದಲೂ ಸಿಕ್ಕಿಕೊಳ್ಳಲಿಲ್ಲ.

“ಇರಲಿ ತಂಗಿ, ನಿನ್ನ ಗಂಡನ ಕೈ ಬ್ಯಾರೆನ. ಹೋಲಿಸಿ ನೋಡೂಣು,” ಎಂದು ತಮ್ಮ ಚೀಲದಿಂದ ಅಣ್ಣ ಮಾಡಿಕೊಟ್ಟಿದ್ದ ಹಳೆಯ ಲಾಳಿ ತೆಗೆದು ಜೋರಾಗಿ ಎಳೆದರು. ಅದು ಸವೆದು ಸಿಬಿರೆದ್ದಿತ್ತು. ಅರ್ಧ ಮೀಸೆ ಸಿಕ್ಕಿಕೊಂಡಿತು. ಕಣ್ಣಲ್ಲಿ ದಳದಳ ನೀರು.

ವೈನಿ ಕೇಳಿದರು: “ಯಾಕ್ರಿ ಕಾಕಾ, ಅಳಾಕ ಹತ್ತೀರಿ?”

“ಏನಿಲ್ಲವಾ,” ಎಂದರು ಅವರು ಮೀಸೆ ಒತ್ತಿ ಹಿಡಿದು, “ನಿನ್ನ ಗಂಡನ ನೆನಪಾತು.”

ಅವರು ವೈನಿಯ ಲಾಳಿಯನ್ನು ತಮ್ಮ ಮಗ್ಗಕ್ಕೆಂದು ಒಯ್ದರು. ಅಣ್ಣನದನ್ನು ನಯ ಮಾಡಲೆಂದು ಬಿಟ್ಟು ಹೋದರು.

ವೈನಿ ಅದನ್ನು ಇನ್ನೂ ಪಟ್ಟಾಕ್ಕೆ ಹಿಡಿದಿಲ್ಲ.