ಕೊಲಂಬೋ ಕಾರು, ತವರಿನ ಬಾಗಿನ

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯುವುದು ಸಹಜ. ಕೆಲವರು ಯೋಗಾಸನ ಹಾಕುತ್ತಾರೆ, ಕೆಲವರು ಚುನಾವಣೆಗೆ ನಿಲ್ಲುತ್ತಾರೆ. ನಂಜನಗೂಡಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ತೆಪ್ಪಗಿದ್ದ ನಾನು ಕೊಲಂಬೋದಿಂದ ಹಳೇ ಇಂಗ್ಲಿಷ್ ಕಾರೊಂದನ್ನು ತರಿಸಲು ಹೊರಟೆ. ವಯಸ್ಸಿನಲ್ಲಿ ಅದು ನನಗಿಂತ ಹಿರಿಯದು. ಮೈಕಟ್ಟಿನಲ್ಲಿ ನನಗಿಂತ ಎಷ್ಟೋ ವಾಸಿ.

ಸುದ್ದಿ ಕೇಳಿ ತಿ. ನರಸೀಪುರದ ನನ್ನ ಭಾಮೈದ ಮಾದೇವ ಫೋನಿನಲ್ಲೇ ಬಿದ್ದು ಬಿದ್ದು ನಕ್ಕ. "ಭಾವ, ನಮ್ಮೂರ್ ಗುಜರೀಲಿ ಸಿಗಾದ್ಕೆ ಸಮುದ್ರ ದಾಟ್ಬೇಕಾ?" ನಾನೇನೋ ನುಂಗಿಕೊಂಡೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಗಿರಿಜೆ ಫೋನು ಕಿತ್ತುಕೊಂಡಳು. "ಲೇ ಮಾದೇವ, ಈ ಸಲ ಗೌರಿ ಅಬ್ಬದ ಬಾಗಿನಕ್ಕೆ ಆ ಕಾರಲ್ಲೇ ಬತ್ತೀನಿ. ಕಾರು ಬರ್ನಿಲ್ವಾ, ನಿನ್ನ ಬಾಗಿನ ನೀನೇ ಮಡೀಕೋ." ಅವಳು ಆಡಿದ ಮಾತು ತಪ್ಪುವವಳಲ್ಲ. ತವರಿನ ಬಾಗಿನ ತಪ್ಪಿದ ಹೆಂಗಸಿನ ಜೊತೆ ಒಂದು ವರ್ಷ ಸಂಸಾರ ಮಾಡಬೇಕಾದವನು ನಾನು. ನನಗೆ ನಿಜವಾಗಿಯೂ ಭಯವಾಯಿತು.

ಆ ಭಯದಲ್ಲೇ ಒಂದು ಬುದ್ಧಿವಂತಿಕೆ ಮಾಡಿದೆ. ಕೊಲಂಬೋದಲ್ಲಿ ಹೋಟೆಲ್ ಕೆಲಸಕ್ಕಿರುವ ನನ್ನ ಗೆಳೆಯ, ಕವಲಂದೆಯ ಪುಟ್ಟಸ್ವಾಮಿಗೆ ಫೋನ್ ಮಾಡಿ, ಪೂಜೆ ಮಾಡದೆ ಗಾಡಿಯನ್ನು ಹಡಗು ಹತ್ತಿಸಬೇಡ ಎಂದೆ. ಅವನು ನಿಂಬೆಹಣ್ಣು, ಬೂದುಗುಂಬಳ ಯಾವುದಕ್ಕೂ ಲೋಪ ಮಾಡಲಿಲ್ಲ. ಕಾರು ಚೆನ್ನೈ ಬಂದರಿನಲ್ಲಿ ಇಳಿಯಿತು, ಇಳಿದಲ್ಲೇ ನಿಂತಿತು. ಬಾನೆಟ್ ಒಳಗಿನ ಚಾಸಿ ನಂಬರಿನ ಪಟ್ಟಿಯ ಮೇಲೆ ಗಟ್ಟಿಯಾಗಿ ಏನನ್ನೋ ಮೆತ್ತಿದ್ದಾರೆ, ಕದ್ದ ಮಾಲಿರಬಹುದು ಎಂದು ಕಸ್ಟಮ್ಸ್ ಅಧಿಕಾರಿಗೆ ಗುಮಾನಿ. ಪುಟ್ಟಸ್ವಾಮಿಯನ್ನು ವಿಚಾರಿಸಿದೆ. "ಎಣ್ಣೇಲಿ ಕಲಸಿದ ಕುಂಕುಮ ಕಣಪ್ಪ. ಗಾಡಿಗೆ ಹಣೆ ಎಲ್ಲೈತೆ ಅಂತ ಹುಡುಕ್ದೆ, ಅದೊಂದೇ ಚಪ್ಪಟೆಯಾಗಿತ್ತು" ಎಂದ.

ಹಬ್ಬ ಹತ್ತಿರ ಬಂದಿತ್ತು. ನಾನೂ ಗಿರಿಜೆಯೂ ಚೆನ್ನೈಗೆ ಓಡಿದೆವು. ನಾನು ಅಧಿಕಾರಿಗೆ ನಮ್ಮ ಸಂಪ್ರದಾಯವನ್ನು ಇಂಗ್ಲಿಷಿನಲ್ಲಿ ವಿವರಿಸಿದಷ್ಟೂ ಅವರ ಗುಮಾನಿ ಬಲಿಯಿತು. ಗಿರಿಜೆ ಪಟ್ಟಿಯನ್ನು ಬಗ್ಗಿ ನೋಡಿದಳು. "ಹಿತ್ತಾಳೆ ತಾನೇ? ಎದುರುಗಡೆ ಹೋಟ್ಲಲ್ಲಿ ಒಸಿ ಹುಣಸೇಹಣ್ಣು ಇಸ್ಕಂಡ್ ಬನ್ನಿ." ಅಧಿಕಾರಿಯ ಕಣ್ಣೆದುರಿಗೇ, ಅವರ ಅಪ್ಪಣೆ ಪಡೆದು, ದೇವರ ದೀಪ ತೊಳೆಯುವಂತೆ ತಿಕ್ಕಿದಳು. ಒಂದೊಂದೇ ಅಂಕಿ ಹೊಳೆಯುತ್ತಾ ಎದ್ದು ಬಂತು, ಕಾಗದದ ನಂಬರಿಗೆ ತಾಳೆಯಾಯಿತು. ಅಧಿಕಾರಿಯೂ ನಕ್ಕುಬಿಟ್ಟರು. ನನಗೆ ಹೆಂಡತಿಯ ಮೇಲೆ ಹೊಸದಾಗಿ ಪ್ರೀತಿ ಉಕ್ಕಿತು.

ಉಳಿದ ವಿಧಿಗಳೆಲ್ಲ ಮುಗಿದು ಗೌರಿ ಹಬ್ಬದ ಬೆಳಿಗ್ಗೆ ನಮ್ಮ ಕಾರು ತಿ. ನರಸೀಪುರದಲ್ಲಿ ಮಾದೇವನ ಮನೆ ಮುಂದೆ ನಿಂತಿತು. ಅವನು ಅದನ್ನು ಒಂದು ಸುತ್ತು ಸುತ್ತಿದ, ಗುಜರಿಯ ಮಾತೆತ್ತಲಿಲ್ಲ. ಅಕ್ಕನಿಗೆ ಬಾಗಿನ ಕೊಟ್ಟು ಕಾಲಿಗೆ ಬಿದ್ದ. ಅವಳ ಕಣ್ಣು ತುಂಬಿತು. ಆಮೇಲೆ ನನ್ನತ್ತ ಕೈ ಚಾಚಿದ. "ಭಾವ, ಕೀ ಕೊಡಿ. ತಲಕಾಡ್ಗಂಟ ಓಗ್ಬತ್ತೀವಿ." ಅವನು, ಅವನ ಹೆಂಡತಿ, ಅತ್ತೆಯವರು, ಬಾಗಿನದ ಮೊರ ಮಡಿಲಲ್ಲಿಟ್ಟುಕೊಂಡ ಗಿರಿಜೆ, ಕಾರು ಭರ್ತಿಯಾಯಿತು. "ನೀವು ಆರಾಮಾಗಿ ಕೂತಿರಿ" ಎಂದಳು ಗಿರಿಜೆ.

ಗೇಟಿನ ಬಳಿ ನಿಂತು ಕೈ ಬೀಸುತ್ತಿದ್ದಾಗ ಪಕ್ಕದ ಮನೆಯವರು ಬಂದು, "ಭಾರಿ ಚೆನ್ನಾಗೈತೆ ಸಾ, ಯಾರ್ದು ಕಾರು?" ಎಂದರು. ನನ್ನದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಾರು ತಿರುವಿನಲ್ಲಿ ಮರೆಯಾಯಿತು.

"ನಮ್ಮ ಭಾಮೈದಂದು" ಎಂದೆ.