ಎರಡು ಲೈನಿನ ಇಬ್ಬರು ಭಟ್ಟರು

ಅನುಮಾನಂ ಪೆದ್ದ ರೋಗಂ ಎನ್ನುತ್ತಾರೆ. ಇರಬಹುದು. ಆದರೆ ಆ ರೋಗಕ್ಕೆಂದೇ ತಿಂಗಳು ತಿಂಗಳು ಸಂಬಳ ಕೊಡುವ ಜಾಗವೊಂದು ಲೋಕದಲ್ಲಿದೆ, ಅಲ್ಲಿ ನಾನು ಬಹಳ ವರ್ಷ ದುಡಿದೆ. ಅದು ಎಪ್ಪತ್ತರ ದಶಕದ ಮುಂಬೈ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಪಕ್ಕ ಬಿಸ್ಕತ್ತಿನ ಡಬ್ಬಿ ಮಾಡುವವರು, ಇನ್ನೊಂದು ಪಕ್ಕ ಕೊಡೆಯ ಕಡ್ಡಿ ಮಾಡುವವರು, ನಡುವಿನ ಶೆಡ್ಡಿನಲ್ಲಿ ನಾವು. ದಕ್ಷಿಣದ ಕಡಲ ತೀರದಿಂದ ಹಾರುವ ರಾಕೆಟ್ಟುಗಳ ತಲೆಯೊಳಗೆ ಕೂರುವ ಯಂತ್ರದ ಪೆಟ್ಟಿಗೆಗಳನ್ನು ಒಂದಕ್ಕೊಂದು ಹೊಂದಿಸಿ, ಪರೀಕ್ಷೆ ಮಾಡಿ ಕಳಿಸುವುದು ನಮ್ಮ ಕೆಲಸ. ರಾಕೆಟ್ ಕೆಲಸ ಎಂದರೆ ನೆಂಟರು ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ಹೊಟ್ಟೆ ನೋಡುತ್ತಿದ್ದರು, ಆಮೇಲೆ ಮಾತು ಬದಲಿಸುತ್ತಿದ್ದರು. ಅವರದೇನೂ ತಪ್ಪಿಲ್ಲ. ನಾನು ರಾಕೆಟ್ ಹಾರಿಸಿದವನಲ್ಲ. ‘ಇದು ಕೆಟ್ಟರೆ ಮುಂದೇನು ಗತಿ?’ ಎಂದು ಎಲ್ಲರನ್ನೂ ಕೇಳಿ ಬೇಸರ ಹಿಡಿಸುವುದಷ್ಟೇ ನನ್ನ ಉದ್ಯೋಗ.

ಈ ಪ್ರಶ್ನೆಯನ್ನು ನನಗೆ ಕಲಿಸಿದವರು ನಮ್ಮ ವಿಭಾಗದ ಮುಖ್ಯಸ್ಥರಾದ ಅಬ್ದುಲ್ ಗನಿ ಸಾಹೇಬರು. ಹುಬ್ಬಳ್ಳಿಯವರು. ಅವರಂಥ ಇನ್ನೊಬ್ಬ ಇಂಜಿನಿಯರನ್ನು ನಾನು ನೋಡಿಲ್ಲ. ಬ್ಯಾಟರಿ ಮಾಡುವವರ ಪೆಟ್ಟಿಗೆ ಅವರವರ ಮೇಜಿನ ಮೇಲೆ ಚೆನ್ನಾಗಿಯೇ ನಡೆಯುತ್ತಿತ್ತು, ರೇಡಿಯೊ ಮಾಡುವವರದು ಅವರ ಮೇಜಿನ ಮೇಲೆ. ಎರಡನ್ನೂ ತಂದು ಜೋಡಿಸಿದಿರೋ, ನೆಂಟರೆದುರು ಹಾಡು ಹೇಳು ಎಂದಾಗ ಮಕ್ಕಳು ಕೂರುವಂತೆ ಬಾಯಿ ಮುಚ್ಚಿ ಕೂತುಬಿಡುತ್ತಿದ್ದವು. ಆಗ ಎರಡೂ ಕಡೆಯವರು ‘ನಮ್ಮದು ಸರಿಯಿದೆ’ ಎಂದು ತೋಳೇರಿಸುವರು. ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ, “ನಿಮ್ಮದೂ ಬರೋಬ್ಬರಿ ಐತ್ರಿ, ಅವರದೂ ಬರೋಬ್ಬರಿ ಐತಿ. ಕೆಟ್ಟಿದ್ದು ನಡುವಿಂದು. ನಡುವಿಂದು ಯಾರದು, ಅದನ್ನ ಹೇಳ್ರಿ” ಎನ್ನುವರು. ಸಾಹೇಬರು ಚಹಾ ತರಿಸಿ, ಇಬ್ಬರನ್ನೂ ಎದುರುಬದುರು ಕೂರಿಸಿ, ಯಾವ ತಂತಿ ಯಾರ ಜವಾಬ್ದಾರಿ ಎಂದು ಇತ್ಯರ್ಥವಾಗುವ ತನಕ ಏಳಗೊಡುತ್ತಿರಲಿಲ್ಲ. ಅವರು ದನಿಯೇರಿಸಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ನಾನಾದರೋ ಹಾಲಿನ ಬಾಟಲಿಯ ಮುಚ್ಚಳ ಕಳೆದರೆ ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗುವ ಪೈಕಿ.

ಸಾಹೇಬರ ಇನ್ನೊಂದು ಪಾಠ, ಮುಖ್ಯವಾದದ್ದನ್ನು ಎರಡೆರಡು ಇಡಬೇಕೆಂಬುದು. “ಮ್ಯಾಲೆ ಹಾರಿದ ಮ್ಯಾಲೆ ರಿಪೇರಿ ಮಾಡಾಕ ಯಾರು ಹೋಗ್ತಾರ್ರಿ ರಾಯರ?” ಎನ್ನುತ್ತಿದ್ದರು. ಒಂದು ಕೆಟ್ಟರೆ ಇನ್ನೊಂದು ಕೆಲಸ ಹಿಡಿಯಬೇಕು. ಅವರ ವಿದ್ಯೆಯಲ್ಲಿ ಇದೊಂದೇ ನನ್ನ ತಲೆಗೆ ಸುಲಭವಾಗಿ ಇಳಿದದ್ದು, ಅದನ್ನೇ ಮಲಾಡ್‌ನ ನಮ್ಮ ಎರಡು ಕೋಣೆಯ ಮನೆಗೆ ಹೊತ್ತು ತಂದೆ. ಎರಡು ಅಲಾರಾಂ ಗಡಿಯಾರ, ಎರಡು ಸ್ಟವ್, ಎರಡು ಟಾರ್ಚು ಬಂದವು. ಒಂದು ಸಂಜೆ ಕರೆಂಟು ಹೋದಾಗ ನನ್ನ ಹೆಂಡತಿ ಶಾರದೆ ಕತ್ತಲಲ್ಲೇ ಹೇಳಿದಳು: “ಟಾರ್ಚು ಎರಡಿದೆ ಮಾರಾಯ್ರೆ. ಎರಡರಲ್ಲೂ ಸೆಲ್ ಇಲ್ಲ.”

ಹೀಗಿರುವಾಗ ನನ್ನ ತಂಗಿ ಸುಮತಿಯ ಮದುವೆ ನಿಶ್ಚಯವಾಯಿತು. ನಮ್ಮ ತಂದೆ ಇಲ್ಲ, ಹಾಗಾಗಿ ಹೊಣೆಯೆಲ್ಲ ನನ್ನದು. ಹುಡುಗ ಪೂನಾದ ಬ್ಯಾಂಕಿನಲ್ಲಿದ್ದ. ಅವನ ಹೆಸರು ಬಂದರೆ ಸಾಕು, ಸುಮತಿ ಇಲ್ಲದ ಕೆಲಸ ಹುಡುಕಿಕೊಂಡು ಅಡಿಗೆಮನೆಗೆ ಹೋಗುತ್ತಿದ್ದಳು. ಕಷ್ಟವಿದ್ದದ್ದು ಹುಡುಗನ ತಂದೆಯಲ್ಲಿ. ನಿವೃತ್ತ ಹೆಡ್‌ಮಾಸ್ಟರು. ಹಿರಿಯ ಮಗನಿಗೆ ಮೊದಲು ನೋಡಿದ ಸಂಬಂಧದಲ್ಲಿ ಹೆಣ್ಣಿನ ಕಡೆಯವರು ಹೊತ್ತು ಮೀರಿಸಿದರೆಂದು ನಿಶ್ಚಿತಾರ್ಥದ ಮಣೆಯಿಂದಲೇ ಮಗನನ್ನು ಎಬ್ಬಿಸಿಕೊಂಡು ಹೋದವರು. ನನ್ನೊಡನೆಯೂ ಮೊದಲೇ ಹೇಳಿದ್ದರು: “ಮುಹೂರ್ತ ಅಂದರೆ ಮುಹೂರ್ತ. ನಿಮ್ಮ ಲೋಕಲ್ ಟ್ರೇನಿನ ಕಥೆ ನನ್ನ ಹತ್ತಿರ ಬೇಡ. ಭಟ್ಟರು, ಛತ್ರ, ಊಟ, ಎಲ್ಲ ಏರ್ಪಾಡು ನಿಮ್ಮದೇ.”

ಮದುವೆಯ ತಿಂಗಳಲ್ಲಿ ಮುಂಬೈಯಲ್ಲಿ ನಮ್ಮ ಕಡೆಯ ಭಟ್ಟರನ್ನು ಹಿಡಿಯುವುದು ಸುಲಭವಲ್ಲ. ಚೀಲ ಹೆಗಲಿಗೇರಿಸಿ ಒಂದು ಛತ್ರದಿಂದ ಇನ್ನೊಂದಕ್ಕೆ ಲೋಕಲ್‌ನಲ್ಲಿ ಓಡುತ್ತಿರುತ್ತಾರೆ. ನಡುವೆ ಎಲ್ಲೋ ಟ್ರೇನು ನಿಂತರೆ ಮುಹೂರ್ತವೂ ನಿಂತ ಹಾಗೆಯೇ. ನನ್ನೊಳಗಿನ ಇಂಜಿನಿಯರ್ ಎದ್ದು ಕುಳಿತ. ಛತ್ರ ದಾದರಿನಲ್ಲಿ. ಲೋಕಲ್ ಟ್ರೇನಿನ ಎರಡೂ ಲೈನು ಅಲ್ಲಿ ಕೂಡುತ್ತವೆ. ವೆಸ್ಟರ್ನ್ ಲೈನಿನಿಂದ ನಮ್ಮ ಮಲಾಡ್‌ನ ಕೃಷ್ಣ ಭಟ್ಟರಿಗೆ ಹೇಳಿದೆ, ಸೆಂಟ್ರಲ್ ಲೈನಿನಿಂದ ಮುಲುಂಡಿನ ವಾಸುದೇವ ಭಟ್ಟರಿಗೆ ಹೇಳಿದೆ. ಎರಡು ಲೈನೂ ಒಂದೇ ಬೆಳಿಗ್ಗೆ ಕೈಕೊಡುವುದುಂಟೇ? ಈ ಉಪಾಯಕ್ಕೆ ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಶಾರದೆ ಮಾತ್ರ, “ಇಬ್ಬರಿಗೆ ಹೇಳಿದ್ದನ್ನು ಇಬ್ಬರಿಗೂ ಹೇಳಿ” ಎಂದಳು. ಹೆಂಗಸರಿಗೆ ತಾಂತ್ರಿಕ ವಿಷಯ ತಿಳಿಯುವುದಿಲ್ಲ ಎಂದುಕೊಂಡು ಸುಮ್ಮನಾದೆ.

ಮದುವೆಯ ಬೆಳಿಗ್ಗೆ ಮುಂಬೈಯ ಇತಿಹಾಸದಲ್ಲೇ ಅಪರೂಪವೆಂಬಂತೆ ಎರಡೂ ಲೈನಿನ ಗಾಡಿಗಳು ಹೊತ್ತಿಗೆ ಸರಿಯಾಗಿ ಓಡಿದವು. ಇಬ್ಬರು ಭಟ್ಟರೂ ಒಟ್ಟಿಗೇ ಮೆಟ್ಟಿಲು ಹತ್ತಿ ಬಂದರು. ಇಬ್ಬರೂ ಕೈಕೊಟ್ಟರೆ ಏನು ಮಾಡಬೇಕೆಂದು ನಾನು ಯೋಚಿಸಿಟ್ಟಿದ್ದೆ. ಇಬ್ಬರೂ ಬಂದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

“ರಾಯರೇ, ಇವರು ಯಾರು?” ಎಂದರು ಕೃಷ್ಣ ಭಟ್ಟರು.

“ಅದನ್ನೇ ನಾನೂ ಕೇಳುವುದು. ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಮೊದಲೇ ಹೇಳ್ಬೇಕಿತ್ತು. ಘಾಟ್‌ಕೋಪರದ ಉಪನಯನ ಬಿಟ್ಟು ಬಂದದ್ದು ನಾನು” ಎಂದರು ವಾಸುದೇವ ಭಟ್ಟರು.

“ಹಾಗಾದ್ರೆ ಇವರ ಕೈಯಲ್ಲೇ ಮಾಡಿಸಿ. ನಾನು ಹೊರಟೆ.”

“ನೀವ್ಯಾಕೆ? ನಾನೇ ಹೊರಡ್ತೇನೆ.”

ಇಬ್ಬರೂ ಬಿಚ್ಚಿದ ಚೀಲ ಮತ್ತೆ ಕಟ್ಟತೊಡಗಿದರು. ಒಬ್ಬರು ಸಾಲದೆಂದು ಇಬ್ಬರನ್ನು ಕರೆದ ನನಗೆ ಒಬ್ಬರೂ ಉಳಿಯದ ಗತಿ ಬಂತು. ಕೈಮುಗಿದೆ, ಬೆವರಿದೆ, ಏನೇನೋ ತೊದಲಿದೆ. ಅತ್ತ ಮಾತು ಕೇಳಿಸದಷ್ಟು ದೂರದಲ್ಲಿ ಕೂತಿದ್ದ ಹೆಡ್‌ಮಾಸ್ಟರು ಗಡಿಯಾರ ನೋಡಿ ಮಗನ ಕಡೆ ನೋಡಿದರು. ಒಳಕೋಣೆಯ ಬಾಗಿಲಲ್ಲಿ ಸೀರೆ ಉಟ್ಟು ಹೂ ಮುಡಿದು ನಿಂತಿದ್ದ ಸುಮತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಬುದ್ಧಿವಂತಿಕೆಯಿಂದ ತಂಗಿಯ ಮದುವೆ ಮುರಿಯಿತಲ್ಲ ಎಂದು ನನಗೆ ಅಳುವೇ ಬಂತು.

ಅಷ್ಟರಲ್ಲಿ ಗನಿ ಸಾಹೇಬರು ಗುಲಾಬಿ ಹಾರ ಹಿಡಿದು ಬಂದರು. ನನ್ನ ಮುಖ ನೋಡಿ ಮೂಲೆಗೆ ಕರೆದರು. ನಡೆದದ್ದನ್ನು ಉಸಿರುಬಿಡದೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಮದುವಿ ಒಳಗ ಪಾರ್ಟಿ ಎಷ್ಟ ರಾಯರ?”

“ಎರಡು.”

“ಭಟ್ರು ಎಷ್ಟ ಮಂದಿ ಅದಾರ?”

“ಇಬ್ಬರು.”

“ಮತ್ತ ತೊಂದರಿ ಏನೈತ್ರಿ?”

ನಾನು ಬಾಯಿ ಬಿಡುವುದರೊಳಗೆ ಅವರು ಭಟ್ಟರ ಬಳಿ ನಿಂತಿದ್ದರು. “ನಾ ಹೊರಗಿನ ಮನಿಷಾ, ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೋರಿ. ಹುಡುಗನ ಕಡೆ ಕೂಡವರು ಯಾರು, ಹುಡುಗಿ ಕಡೆ ಕೂಡವರು ಯಾರು? ಅದೊಂದು ತಿಳೀಲಿಲ್ಲ ನನಗ.”

ಭಟ್ಟರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕೃಷ್ಣ ಭಟ್ಟರು, “ನೀವು ಹಿರಿಯರು. ವರನ ಕಡೆಗೆ ನೀವೇ ಆಗಬೇಕು” ಎಂದರು. ವಾಸುದೇವ ಭಟ್ಟರು ಚೀಲ ಕೆಳಗಿಟ್ಟರು. “ಅಂತರಪಟ ಹಿಡಿದ ಮೇಲೆ ನೀವೊಂದು ಶ್ಲೋಕ, ನಾನೊಂದು ಶ್ಲೋಕ. ಆಗಬಹುದಾ?”

ಆಗಬಹುದಾ ಎಂದರೆ ಏನು, ಅಂಥ ಮಂಗಳಾಷ್ಟಕವನ್ನು ದಾದರು ಕೇಳಿರಲಿಕ್ಕಿಲ್ಲ. ಪಟದ ಈಚೆಯಿಂದ ಒಬ್ಬರು, ಆಚೆಯಿಂದ ಒಬ್ಬರು, ನಾನು ಮೇಲು ತಾನು ಮೇಲು ಎಂದು ಕಂಠ ಏರಿಸಿದರು. ಪಟ ಸರಿಯಿತು, ಸುಮತಿ ತಲೆಯೆತ್ತಿ ಹುಡುಗನನ್ನು ನೋಡಿದಳು, ಮುಹೂರ್ತ ಒಂದಿಷ್ಟೂ ತಪ್ಪಲಿಲ್ಲ. ಹೆಡ್‌ಮಾಸ್ಟರು ನನ್ನ ಕೈ ಹಿಡಿದುಕೊಂಡರು. “ನಮ್ಮ ಕಡೆಗೆಂದೇ ಬೇರೆ ಒಬ್ಬ ಭಟ್ಟರನ್ನು ಕರೆಸಿದ್ದೀರಿ. ಇಂಥ ಮರ್ಯಾದೆ ನಾನು ಎಲ್ಲೂ ಕಂಡಿಲ್ಲ ಬೀಗರೇ.” ನಾನು ವಿನಯದಿಂದ ತಲೆ ಬಾಗಿಸಿ ಆ ಹೊಗಳಿಕೆಯನ್ನು ಒಪ್ಪಿಕೊಂಡೆ. ಹಿಂದಿನಿಂದ ಶಾರದೆ ಕೆಮ್ಮಿದಳು.

ಊಟವಾದ ಮೇಲೆ ಸಾಹೇಬರನ್ನು ಕೇಳಿದೆ, “ಹಾಗಾದರೆ ಎರಡು ಇಟ್ಟದ್ದೇ ತಪ್ಪೇ?”

“ಇಡೋದು ತಪ್ಪಲ್ರಿ. ಒಬ್ಬರಿಗೆ ಇನ್ನೊಬ್ಬರ ಸುದ್ದಿ ಹೇಳದ ಇಡೋದು ತಪ್ಪು. ಮಷೀನ ಸಿಟ್ಟ ಮಾಡ್ಕೊಳ್ಳಂಗಿಲ್ಲ, ಮಂದಿ ಮಾಡ್ಕೋತಾರ.” ಇಷ್ಟು ಹೇಳಿ ಎಲೆ ಅಡಿಕೆ ಹಾಕಿಕೊಂಡರು. ಆ ಮನುಷ್ಯನ ಕಾಲಿಗೆ ಬೀಳಬೇಕೆನಿಸಿತು. ಎಷ್ಟು ದೊಡ್ಡ ವಿದ್ಯೆ, ಎಷ್ಟು ಸಣ್ಣ ಮಾತಿನಲ್ಲಿ.

ಸಂಜೆ ಪೂನಾಕ್ಕೆ ಹೊರಡುವಾಗ ಸುಮತಿ ನನ್ನ ಕಾಲು ಮುಟ್ಟಿ ಎದ್ದಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. “ಅಣ್ಣ, ಭಟ್ಟರು ಇಬ್ಬರಾದದ್ದು ಹೋಗ್ಲಿ. ಗಂಡು ಒಂದೇ ತಾನೇ ನೀನು ಹೇಳಿಟ್ಟದ್ದು?”

ಎಲ್ಲರೂ ಗೊಳ್ಳೆಂದು ನಕ್ಕರು. ಹೆಡ್‌ಮಾಸ್ಟರು ಕೂಡ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಮನೆಗೆ ಬಂದವನೇ ಪಂಚೆ ಕೂಡ ಬದಲಿಸದೆ ಕೂತು, ಇದು ತಪ್ಪಿದರೆ ಇರಲಿ ಎಂದು ಕಾಯಿಸಿಟ್ಟಿದ್ದ ಚೆಂಬೂರಿನ ಹುಡುಗನ ತಂದೆಗೆ ಒಂದು ಕಾರ್ಡು ಗೀಚಿದೆ: ನಮ್ಮ ಹುಡುಗಿಗೆ ಬೇರೆ ಕಡೆ ನಿಶ್ಚಯವಾಗಿದೆ, ದಯವಿಟ್ಟು ಇನ್ನು ಕಾಯಬೇಡಿ.