ಮಸೀರಾದಲ್ಲಿ ಮಕ್ಕಳ ತೂಕ

ಯಾರ ಕಣ್ಣಿಗೂ ಬೀಳ್ಬಾರ್ದು ಅಂತ ಪುಸ್ತಕದ ಹಿಂದೆ ಕೂತವರನ್ನೇ ಹುಡ್ಕಿಕೊಂಡು ಇಂಥದ್ದೆಲ್ಲ ಬರ್ತದೆ. ಇದನ್ನು ನಾನು ಯಾರಿಗೂ ಹೇಳಿರ್ಲಿಲ್ಲ.

ಕಚ್ಚಾ ಎಣ್ಣೆ ರೇಟು ಬಿದ್ದು ಅಪ್ಪನ ಕೆಲಸ ಹೋಗಿತ್ತು. ಇಬ್ರಿ ಅನ್ನುವ ಊರಲ್ಲಿ ಎಂತಾದ್ರೂ ಸಿಗ್ತದಾ ಅಂತ ಅಲೀತಾ ಇದ್ರು. ಅಮ್ಮ ನರ್ಸ್. ಅವ್ರಿಗೆ ತಾಯಿ-ಮಕ್ಕಳ ಆರೋಗ್ಯದ ಸರ್ವೆ ಕೆಲಸ. ಮಸೀರಾ ದ್ವೀಪದ ಮನೆಗಳು ಪೂರ್ತಿ ಆದ್ರೆ ಕಾಂಟ್ರಾಕ್ಟ್ ಮುಂದೆ ಹೋಗ್ತದೆ, ಇಲ್ಲದಿದ್ರೆ ನಾವು ಮಸ್ಕತ್‌ನ ದಾರ್ಸೈಟಿನ ಫ್ಲಾಟ್ ಬಿಟ್ಟು ಊರಿಗೆ. ಶಾಲೆಗೆ ರಜೆ ಅಂತ ಅಮ್ಮ ಹದಿನೈದು ವರ್ಷದ ನನ್ನನ್ನೂ ಎಳ್ಕೊಂಡು ಹೋದ್ರು.

ಏನೂ ತಿನ್ನದ ಮಕ್ಕಳು

ಯಾವ ಮನೆಯಲ್ಲಿ ಕೇಳಿದ್ರೂ ಒಂದೇ ಉತ್ತರ. "ಮಗು ಏನೂ ತಿನ್ನುದಿಲ್ಲ. ನೋಡಿ, ಎಷ್ಟು ಬಡಕಲು." ಬಡಕಲು ಮಗು ಎರಡೂ ಕೈಯಲ್ಲಿ ಖರ್ಜೂರ ಹಿಡ್ಕೊಂಡು, ಮೂರನೆಯದ್ದನ್ನು ಬಾಯಲ್ಲಿ ಇಟ್ಕೊಂಡು ನಮ್ಮನ್ನೇ ನೋಡ್ತಿತ್ತು.

"ದೃಷ್ಟಿ ಆಗ್ತದೆ ಅಂತ ಹಾಗೆ ಹೇಳುದು ಮಾರಾಯ್ತಿ," ಅಂದ್ರು ಅಮ್ಮ. "ನಿನ್ನ ಅಜ್ಜಿಯೂ ಹಾಗೇ ಅಲ್ವಾ?"

ಸಂಜೆ ಮಸ್ಕತ್‌ನಿಂದ ಸೂಪರ್‌ವೈಸರ್ ಫೋನು. "ಸಿಸ್ಟರ್, ದ್ವೀಪದಲ್ಲಿ ಬರಗಾಲವಾ? ಬಾಯಿಮಾತು ಬೇಡ, ಪ್ರತಿ ಮಗುವಿನ ತೂಕ ಬೇಕು. ನಾಳೆಯೇ ಕೊನೆ."

ಅಮ್ಮನ ಮುಖ ಬಿಳುಚಿತು. ಖರ್ಜೂರದ ಮಗುವಿಗೆ ಮಾತ್ರ ಯಾವ ಚಿಂತೆಯೂ ಇರ್ಲಿಲ್ಲ.

ತೂಕದ ಮೆಷಿನ್

ಬೆಳಿಗ್ಗೆ ಮೊದಲ ಮಗುವನ್ನು ನಿಲ್ಲಿಸಿ, ಲೆಕ್ಕದ ಪುಸ್ತಕದಲ್ಲಿ ಬರ್ಕೊಳ್ತಿದ್ದ ನನಗೆ ಕೇಳ್ಲಿ ಅಂತ ಅಮ್ಮ ಜೋರಾಗಿ ಓದಿದ್ರು, "ಹದಿಮೂರು ಕಿಲೋ!" ದೃಷ್ಟಿ ತಾಗದಿರ್ಲಿ ಅಂತ ಮಾಶಾ ಅಲ್ಲಾ ಅನ್ಲಿಕ್ಕೆ ಮರ್ತೇಹೋಯ್ತು. ಮಗು ಅಲ್ಲೇ ಒಂದು ಸೀನು ಸೀನಿತು.

ಸುದ್ದಿ ನಮಗಿಂತ ಮುಂದೆ ಓಡಿತು. ಕೇರಿಯ ಬಾಗಿಲೆಲ್ಲ ಬಂದ್. ಅಮ್ಮ ಬಿಸಿಲಲ್ಲಿ ಮೆಷಿನ್ ಇಟ್ಕೊಂಡು ಕೂತ್ರು. ಕೊನೆಗೆ ಬಂದದ್ದು ಒಬ್ಬನೇ ಬೆಸ್ತ, ಹೆಗಲ ಮೇಲೆ ದೊಡ್ಡ ಅಂಜಲ್ ಮೀನು.

"ಇದನ್ನು ತೂಗಿ."

"ಇಲ್ಲಿ ಐದು ವರ್ಷದ ಒಳಗಿನ ಮಕ್ಕಳಿಗೆ ಮಾತ್ರ," ಅಂದ್ರು ಅಮ್ಮ.

ಅವನು ಮೀನಿನ ಮುಖ ನೋಡಿ, "ಇದಕ್ಕೂ ಅಷ್ಟು ಆಗಿರ್ಲಿಕ್ಕಿಲ್ಲ," ಅಂದ.

ಅಜ್ಜಿಯ ಸರ್ವೆ

ಆ ಕೇರಿಗೆಲ್ಲ ದೊಡ್ಡವರು ಒಬ್ಬರು ಅಜ್ಜಿ. ಅವರು ಒಪ್ಪಿದ್ರೆ ಎಲ್ಲ ಬಾಗಿಲೂ ತೆರೀತದೆ. ಅಮ್ಮ ಹೋಗಿ ಕೈಮುಗಿದ್ರು. ಒಳಗೆ ಹೆಂಗಸರ ಸಭೆಯೇ ಸೇರಿತ್ತು. ಅಜ್ಜಿ ನನ್ನ ಕಡೆ ಬೆರಳು ತೋರ್ಸಿದ್ರು.

"ಮೊದ್ಲು ನಿನ್ನ ಮಗಳನ್ನು ಹತ್ಸು. ಯಲ್ಲಾ, ಬೇಗ!"

ಪುಸ್ತಕ ಎದೆಗೆ ಒತ್ಕೊಂಡು ಹತ್ತಿದೆ. ಅಜ್ಜಿ ಪುಸ್ತಕ ಕಿತ್ಕೊಂಡು ಅಮ್ಮನ ಕಡೆ ತಿರುಗಿದ್ರು. "ಈಗ ಓದು. ಬೆಳಿಗ್ಗೆ ಓದಿದ ಹಾಗೇ, ಜೋರಾಗಿ."

"ಮೂವತ್ನಾಲ್ಕು," ಅಂದ್ರು ಅಮ್ಮ.

ನಂಗೆ ನೆಲ ಬಾಯಿ ಬಿಡ್ಲಿ ಅನ್ನಿಸಿತು.

"ಎಷ್ಟು ತಿಂಗಳು ಹಾಲು ಕುಡಿಸಿದ್ದಿ?"

"ಎಂಟು. ಆಮೇಲೆ ಡ್ಯೂಟಿ ಶುರುವಾಯ್ತು."

"ಅದಕ್ಕೇ!" ಅಂದ್ರು ಅಜ್ಜಿ. ಹೆಂಗಸರೆಲ್ಲ ಒಟ್ಟಿಗೆ ತಲೆ ಆಡಿಸಿದ್ರು. ಯಾರೋ ನನ್ನ ಕೈಗೆ ಹಲ್ವದ ತಟ್ಟೆಯನ್ನೇ ಇಟ್ರು.

ಅಜ್ಜಿಗೆ ಅಮ್ಮನನ್ನು ನೋಡಿ ಪಾಪ ಅನ್ನಿಸಿತೋ ಏನೋ, ತಮ್ಮ ಮೊಮ್ಮಗನನ್ನೇ ಮೊದ್ಲು ಕರೆದ್ರು. "ತೂಗು. ಆದ್ರೆ ಬಾಯಿ ಬಿಡ್ಬೇಡ." ಮೆಷಿನ್ ಮೇಲೆ ಶಾಲು ಮುಚ್ಚಿದ್ರು; ಅಮ್ಮ ಅದರೊಳಗೆ ತಲೆ ತೂರ್ಸಿ ನೋಡಿದ್ರು. ಹೊತ್ತು ಮುಳುಗುವ ಮೊದ್ಲು ಕೇರಿಯೇ ಮುಗಿಯಿತು. ಅಮ್ಮನ ಕೆಲಸ ಉಳಿಯಿತು.

ಹೊರಡುವಾಗ ಅಮ್ಮನಿಗೆ ಧೈರ್ಯ ಬಂದಿತ್ತು. "ಇವಳ ತೂಕ ಮಾತ್ರ ಅಷ್ಟು ಜೋರಾಗಿ ಹೇಳಿಸಿದ್ರಲ್ಲ, ಇವಳಿಗೆ ದೃಷ್ಟಿ ತಾಗುದಿಲ್ವಾ?"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ್ರು.

"ತಾಗ್ಲಿಕ್ಕೆ ಜಾಗ ಎಲ್ಲಿದೆ?"